ಗಂಟೆಗೆ ಇನ್ನೂರು ಮೀಟರ್

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಒಂಬತ್ತನೇ ತರಗತಿಯ ಹುಡುಗಿ. ಗಣಿತದ ಪೀರಿಯಡ್ ಇರುವ ದಿನ ಬೆಳಿಗ್ಗೆಯೇ ಹೊಟ್ಟೆನೋವು. ವೈದ್ಯರು ಏನೂ ತೊಂದರೆಯಿಲ್ಲ ಎಂದ ಮೇಲೆ ತಾಯಿ ನನ್ನ ಬಳಿ ಕರೆತಂದರು. "ಮುಂದೆ ಉಪಯೋಗಕ್ಕೆ ಬರುತ್ತೆ ಅಂತ ಹೇಳಿ ಹೇಳಿ ಸಾಕಾಯ್ತು" ಅಂದರು. ಹುಡುಗಿ ನೆಲ ನೋಡುತ್ತಿದ್ದಳು.

ನೋಟ್‌ಬುಕ್ ತೆಗೆಸಿದೆ. ಕೂಡುವುದು, ಭಾಗಿಸುವುದು ಎಲ್ಲ ಸಲೀಸು; ಡಿಸ್ಕ್ಯಾಲ್ಕುಲಿಯಾದ (ಸಂಖ್ಯೆ, ಲೆಕ್ಕಗಳನ್ನು ಕಲಿಯುವುದರಲ್ಲೇ ಇರುವ ತೊಂದರೆ) ಅನುಮಾನ ನನಗೆ ಬರಲಿಲ್ಲ. ಒಂದು ಲೆಕ್ಕದ ಮೇಲೆ ಕಣ್ಣು ನಿಂತಿತು. ಸೈಕಲ್ 20 ನಿಮಿಷದಲ್ಲಿ 4 ಕಿ.ಮೀ. ಹೋದರೆ ವೇಗ ಎಷ್ಟು? ಇವಳ ಉತ್ತರ: ಗಂಟೆಗೆ 0.2 ಕಿ.ಮೀ. ಮೇಲೆ ಕೆಂಪು ಗೀಟು. ಯಾಕೆ ತಪ್ಪಾಯಿತು ಅಂತ ಕೇಳಿದರೆ, "ಸೂತ್ರ ತಪ್ಪಿರಬೇಕು." ಗಂಟೆಗೆ ಇನ್ನೂರು ಮೀಟರ್ ಹೋಗುವ ಸೈಕಲ್ ಮೇಲೆ ಬೀಳದೆ ಕೂರಲಾದರೂ ಆಗುತ್ತದೆಯೇ ಎಂಬುದು ಅವಳ ತಲೆಗೆ ಬಂದೇ ಇರಲಿಲ್ಲ.

ಅದನ್ನು ಆಗ ತಿದ್ದಲಿಲ್ಲ. ಮಣಿಕಟ್ಟಿನಲ್ಲಿ ನಾಡಿ ಹಿಡಿಯುವುದನ್ನು ತೋರಿಸಿ, ಗಡಿಯಾರ ನೋಡುತ್ತಾ 15 ಸೆಕೆಂಡು ಎಣಿಸು ಅಂದೆ. 26. ನಿಮಿಷಕ್ಕೆ? "ನಾಲ್ಕರಿಂದ ಗುಣಿಸ್ಬೇಕು. 104." ಪುಸ್ತಕ ಮುಚ್ಚಿಟ್ಟು ಹತ್ತು ನಿಮಿಷ ಹರಟಿದ ಮೇಲೆ ಮತ್ತೆ ಎಣಿಸಿದಳು: 19, ಅಂದರೆ 76. "ಲೆಕ್ಕ ನೋಡ್ತಿದ್ದಾಗ 28 ಜಾಸ್ತಿನಾ?" ಯಾರೂ ನಂಬದ ತನ್ನ ಹೆದರಿಕೆ ಅಂಕಿಯಾಗಿ ಕಂಡದ್ದು ಅವಳಿಗೆ ಅದೇ ಮೊದಲು. (ಇದು ಕಾಯಿಲೆ ಅಳೆಯುವ ಪರೀಕ್ಷೆಯಲ್ಲ. ಒಂದೇ ಸಲದ ಅಳತೆಯಿಂದ ಕಾರಣ ಹೇಳಲಾಗದು ಅಂತ ಅವಳಿಗೂ ಹೇಳಿದೆ.)

ಮುಂದಿನ ಪ್ರಶ್ನೆ ಅವಳದೇ. "ಹತ್ತೇ ಸೆಕೆಂಡು ಎಣಿಸಿ ಆರರಿಂದ ಗುಣಿಸಿದ್ರೆ ಬೇಗ ಆಗಲ್ವಾ?" ಆಗುತ್ತೆ, ಎಣಿಸುವಾಗ ಒಂದು ಬಡಿತ ತಪ್ಪಿಹೋದರೆ? ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಲ್ಲಿ ಆರು ತಪ್ಪುತ್ತೆ, ಇಲ್ಲಿ ನಾಲ್ಕೇ." ನಾನು ವಿವರಿಸಲು ಹೊರಟಿದ್ದರೆ ಅರ್ಧ ಗಂಟೆ ಹಿಡಿಯುತ್ತಿತ್ತು, ಅವಳಿಗೆ ಆಕಳಿಕೆಯೂ ಬರುತ್ತಿತ್ತು.

ಈಗ ಸೈಕಲ್ ಲೆಕ್ಕವನ್ನು ಮುಂದಿಟ್ಟೆ. "ಅಯ್ಯೋ, 0.2 ನಿಮಿಷಕ್ಕೆ! ಗಂಟೆಗೆ ಇಪ್ಪತ್ತು ನಿಮಿಷ ಮೂರು ಸಲ... 12."

ತಾಯಿಗೆ ಹೇಳಿದ್ದು ಇಷ್ಟು: "ಮುಂದೆ ಉಪಯೋಗ" ಎನ್ನುವ ಮಾತು ಸದ್ಯಕ್ಕೆ ಬಿಡಿ, ಹದಿನಾಲ್ಕರ ಮಗುವಿಗೆ "ಮುಂದೆ" ಬಹಳ ದೂರ. ಲೆಕ್ಕ ಶುರು ಮಾಡುವ ಮೊದಲು ಉತ್ತರ ಎಷ್ಟರ ಆಸುಪಾಸು ಇರಬಹುದು ಅಂತ ಊಹಿಸಿ ಮೂಲೆಯಲ್ಲಿ ಬರೆದುಕೊಳ್ಳಲಿ. ಊಹೆ ತಪ್ಪಿದರೆ ಬೈಯಬೇಡಿ. ಉತ್ತರ ಬಂದ ಮೇಲೆ ಅದನ್ನು ಪೂರ್ತಿ ವಾಕ್ಯವಾಗಿ, ಗಟ್ಟಿಯಾಗಿ ಓದಲಿ. ಶಿಕ್ಷಕರಿಗೆ ಒಂದು ಚೀಟಿ ಕೊಟ್ಟೆ: ಕೆಂಪು ಗೀಟಿನ ಪಕ್ಕ "ಇದು ಸಾಧ್ಯವೇ?" ಎಂದು ಬರೆದರೆ ಸಾಕು. ಬೀಜಗಣಿತದ ಪ್ರತಿ ಹೆಜ್ಜೆಗೂ ದಿನನಿತ್ಯದ ಉದಾಹರಣೆ ಹುಡುಕಬೇಕಿಲ್ಲ. ಎಳೆದು ತಂದ ಉದಾಹರಣೆ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ.

ನಾಲ್ಕನೇ ಭೇಟಿಯ ಹೊತ್ತಿಗೂ ಹೊಟ್ಟೆನೋವು ಪೂರ್ತಿ ಹೋಗಿರಲಿಲ್ಲ. ಪರೀಕ್ಷೆಯ ಹಿಂದಿನ ದಿನ ಬಂದಿತ್ತಂತೆ. ಅವತ್ತು ನಾನೇ ತಡವಾಗಿ ಬಂದೆ. ಕುಳಿತದ್ದೇ ತಡ, ನನ್ನ ಕೈ ಹಿಡಿದು 22 ಎಣಿಸಿದಳು.

"88. ಮೇಡಂ, ಮೆಟ್ಟಿಲು ಓಡಿ ಹತ್ತಿದ್ರಾ?"