ನೀರು ಬಿಡದ ಕೋಸಂಬರಿ: ಕಚೇರಿ ಬುತ್ತಿಯ ಪ್ರಶ್ನೆಗಳು

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಕಚೇರಿಗೆ ಒಯ್ಯುವ ಹಸಿ ತರಕಾರಿಯ ಡಬ್ಬಿಯ ಕುರಿತೇ ಇದ್ದವು. ಆದ್ದರಿಂದ ಉಳಿದ ವಿಷಯಗಳ ಪತ್ರಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು ಇವುಗಳಿಗೆ ಮಾತ್ರ ಉತ್ತರಿಸಿದ್ದೇನೆ. ಕೆಲವರು ಸಲಾಡ್ ಎಂದೂ ಕೆಲವರು ಕೋಸಂಬರಿ ಎಂದೂ ಬರೆದಿದ್ದಾರೆ. ತೊಂದರೆ ಮಾತ್ರ ಎಲ್ಲರದೂ ಒಂದೇ.

ಪ್ರಶ್ನೆ: ಅಂಕೋಲಾದಿಂದ ಕಾರವಾರದ ಕಚೇರಿಗೆ ದಿನವೂ ಬಸ್ಸಿನಲ್ಲಿ ಓಡಾಡುತ್ತೇನೆ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ಊಟಕ್ಕೆ ಕೂರುವುದು ಒಂದೂವರೆಗೆ. ಬೆಳಗಿನ ಗಡಿಬಿಡಿ ತಪ್ಪಿಸಲು ಭಾನುವಾರ ಸಂಜೆಯೇ ಸೌತೆಕಾಯಿ, ಟೊಮೆಟೊ, ಈರುಳ್ಳಿ, ಗಜ್ಜರಿ, ನೆನೆಸಿದ ಹೆಸರುಬೇಳೆ, ಕಾಯಿತುರಿ, ಉಪ್ಪು, ನಿಂಬೆರಸ ಎಲ್ಲ ಕಲಸಿ ಐದು ಡಬ್ಬಿ ತುಂಬಿ ಫ್ರಿಜ್ಜಿನಲ್ಲಿಡುತ್ತೇನೆ. ಸೋಮವಾರದ್ದೇ ನೀರಾಗಿರುತ್ತದೆ, ಬುಧವಾರದ್ದನ್ನು ವಾಸನೆ ಬಂದು ಚೆಲ್ಲಬೇಕಾಗುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?
— ಓದುಗರು, ಅಂಕೋಲಾ

ಉತ್ತರ: ನಿಮ್ಮ ಪಟ್ಟಿಯಲ್ಲಿ ತಪ್ಪಾದ ಪದಾರ್ಥ ಒಂದೂ ಇಲ್ಲ, ಅವೆಲ್ಲ ಭಾನುವಾರವೇ ಒಂದೇ ಡಬ್ಬಿಯಲ್ಲಿ ಸೇರಿದ್ದು ತಪ್ಪು. ಕೋಸಂಬರಿಯು ಕಲಸಿದ ಕೂಡಲೇ ಬಡಿಸುವ ಪದಾರ್ಥ. ರಾಮನವಮಿಗೆ ಮಾಡುವಾಗ ಉಪ್ಪನ್ನು ಕೊನೆಗೆ, ಎಲೆ ಹಾಕಿದ ಮೇಲೆ ಬೆರೆಸುವುದನ್ನು ನೀವೂ ಕಂಡಿರಬಹುದು. ಉಪ್ಪು ಬಿದ್ದೊಡನೆ ಹೋಳಿನ ಒಳಗಿನ ನೀರು ಹೊರಗೆ ಬರತೊಡಗುತ್ತದೆ, ಮತ್ತು ಸೌತೆಕಾಯಿಯಲ್ಲಿ ನೂರಕ್ಕೆ ಸುಮಾರು 95 ಪಾಲು ನೀರೇ ಇರುವುದರಿಂದ ಒಂದು ರಾತ್ರಿಯಲ್ಲಿ ಡಬ್ಬಿಯ ತಳ ತುಂಬುವುದರಲ್ಲಿ ಆಶ್ಚರ್ಯವಿಲ್ಲ. ಹಾಗೆ ಇಳಿದ ನೀರಿನಲ್ಲಿ ಕಾಯಿತುರಿಯ ಹಾಲೂ ಬೇಳೆಯ ಹಿಟ್ಟೂ ಕರಗಿ ಸೂಕ್ಷ್ಮಜೀವಿಗಳಿಗೆ ಒಳ್ಳೆಯ ಊಟ ಸಿದ್ಧವಾಗುತ್ತದೆ. ಹುಳಿಯಿಂದ ಅವುಗಳ ಬೆಳವಣಿಗೆ ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ.

ಕಾಯಿತುರಿಯ ವಿಷಯದಲ್ಲಿ ನನಗೂ ಒಮ್ಮೆ ಪಾಠವಾಗಿದೆ. ಏಪ್ರಿಲ್ ತಿಂಗಳಲ್ಲಿ ಕುಮಟಾದಿಂದ ಹುಬ್ಬಳ್ಳಿಗೆ ಹೊರಟಾಗ ಧಾರಾಳವಾಗಿ ಕಾಯಿ ಸುರಿದ ಕೋಸಂಬರಿಯ ಡಬ್ಬಿ ಚೀಲದಲ್ಲಿತ್ತು. ಬಸ್ಸು ಅರಬೈಲು ಘಟ್ಟ ಏರುವ ಹೊತ್ತಿಗೆ ಚೀಲದೊಳಗಿಂದ ಹುಳಿ ವಾಸನೆ ಬರಲು ಶುರುವಾಗಿ, ಪಕ್ಕದಲ್ಲಿ ಕುಳಿತಿದ್ದ ಹಿರಿಯರು ಏನೂ ಹೇಳದೆ ಕಿಟಕಿಯನ್ನು ಪೂರ್ತಿ ಸರಿಸಿದರು. ಅಂದಿನಿಂದ ಬುತ್ತಿಗೆ ಹಸಿ ಕಾಯಿ ಹಾಕುವುದನ್ನು ಬಿಟ್ಟು, ಕೊಬ್ಬರಿಯನ್ನು ತುರಿದು ಬಣ್ಣ ತಿರುಗದಷ್ಟು ಹುರಿದು ಬಳಸುತ್ತಿದ್ದೇನೆ.

ಹಾಗೆಂದು ಭಾನುವಾರದ ಕೆಲಸವನ್ನೇ ಬಿಡಬೇಕಾಗಿಲ್ಲ, ಹಂಚಿಕೊಂಡರೆ ಸಾಕು. ಒಣಗಿ ಇರುವಂಥವೆಲ್ಲ ಭಾನುವಾರಕ್ಕೆ. ಹುರಿದು ಸಿಪ್ಪೆ ತೆಗೆದ ಶೇಂಗಾ, ಹುರಿದ ಕೊಬ್ಬರಿ ಮತ್ತು ಒಗ್ಗರಣೆ ಈ ಗುಂಪಿಗೆ ಸೇರುತ್ತವೆ. ಒಗ್ಗರಣೆಯನ್ನು ಒಂದು ವಾರಕ್ಕಾಗುವಷ್ಟು ಒಮ್ಮೆಲೇ ಮಾಡಬಹುದು: ಎಣ್ಣೆ ತುಸು ಹೆಚ್ಚೇ ಇಟ್ಟು, ಸಾಸಿವೆ ಸಿಡಿದ ಮೇಲೆ ಉದ್ದಿನಬೇಳೆ, ಒಣಮೆಣಸು, ಇಂಗು ಹಾಕಿ, ಪೂರ್ತಿ ಆರಿದ ನಂತರವೇ ಮುಚ್ಚಳ ಹಾಕಿ. ಕರಿಬೇವನ್ನು ಗರಿಗರಿಯಾಗುವವರೆಗೆ ಹುರಿಯದಿದ್ದರೆ ಅದರ ತೇವವೇ ಮುಗ್ಗಲು ಹಿಡಿಸುತ್ತದೆ. ಆ ಎಣ್ಣೆ ಬರಿಯ ರುಚಿಗಲ್ಲ. ಗಜ್ಜರಿಯ ಕೇಸರಿ ಬಣ್ಣದಲ್ಲಿರುವ ಬೀಟಾ ಕ್ಯಾರೊಟಿನ್ ನಮ್ಮ ಮೈಗೆ ಸೇರಲು ಸ್ವಲ್ಪ ಜಿಡ್ಡು ಬೇಕೇ ಬೇಕು, ಆದ್ದರಿಂದ ತೂಕ ಇಳಿಸುವ ಹುರುಪಿನಲ್ಲಿ ಒಗ್ಗರಣೆಯನ್ನೇ ಬಿಡುವವರ ಲೆಕ್ಕ ನನಗೆ ಸರಿಕಾಣುವುದಿಲ್ಲ.

ಕಡಲೆಕಾಳು, ಅಲಸಂದೆಗಳನ್ನು ಮೆತ್ತಗೆ ಬೇಯಿಸಿ, ನೀರು ಬಸಿದು, ಅಗಲವಾದ ತಟ್ಟೆಯಲ್ಲಿ ಹರಡಿ ಆರಿಸಿ, ಒಂದೊಂದು ಹಿಡಿಯ ಪೊಟ್ಟಣ ಕಟ್ಟಿ ಫ್ರೀಜರಿನಲ್ಲಿಡಿ. ಬೆಳಿಗ್ಗೆ ಪೊಟ್ಟಣವನ್ನು ಕರಗಿಸದೆ ಹಾಗೆಯೇ ಡಬ್ಬಿಗೆ ಸುರಿದರೆ ಊಟದ ಹೊತ್ತಿಗೆ ಕಾಳು ಸಡಿಲವಾಗಿರುತ್ತದೆ, ಅಲ್ಲಿಯವರೆಗೆ ಸುತ್ತಲಿನ ತರಕಾರಿಯನ್ನೂ ತಂಪಾಗಿಡುತ್ತದೆ. ಎಲೆಕೋಸು, ಗಜ್ಜರಿಗಳನ್ನು ಹೆಚ್ಚಿ, ತೇವವಿಲ್ಲದ ಡಬ್ಬಿಯ ತಳಕ್ಕೆ ಹತ್ತಿ ಬಟ್ಟೆ ಹಾಸಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನಕ್ಕೆ ಮೋಸವಿಲ್ಲ. ಗುರುವಾರ, ಶುಕ್ರವಾರಕ್ಕೆ ಬುಧವಾರ ರಾತ್ರಿ ಮತ್ತೊಮ್ಮೆ ಹೆಚ್ಚಿಕೊಳ್ಳಿ. ಸೌತೆಕಾಯಿ ಮತ್ತು ಈರುಳ್ಳಿ ಮಾತ್ರ ಆಯಾ ದಿನದ ಬೆಳಗಿನ ಕೆಲಸ. ಸೌತೆಯನ್ನು ಉದ್ದಕ್ಕೆ ಸೀಳಿ ನಡುವಿನ ಬೀಜದ ತಿರುಳನ್ನು ಚಮಚದ ತುದಿಯಿಂದ ಕೆರೆದು ತೆಗೆದರೆ ಅರ್ಧ ನೀರು ಅಲ್ಲಿಗೇ ಹೋಯಿತು. ಟೊಮೆಟೊವನ್ನು ಹೆಚ್ಚಲೇಬೇಡಿ, ಚಿಕ್ಕದೊಂದನ್ನು ಇಡಿಯಾಗಿ ಒಯ್ದು ಅಲ್ಲಿಯೇ ಹೆಚ್ಚಿಕೊಳ್ಳಿ. ಬೇಸಿಗೆಯಲ್ಲಿ ಕುಮಟಾದ ಸುತ್ತ ಹೆದ್ದಾರಿ ಬದಿಗೆ ಜಡೆ ಹೆಣೆದು ತೂಗುಹಾಕುವ ಸಿಹಿ ಈರುಳ್ಳಿ ಸಿಕ್ಕರೆ ಅದನ್ನೇ ಆರಿಸಿ. ಖಾರ ಕಡಿಮೆಯಾದ್ದರಿಂದ ಊಟದ ನಂತರ ಬಾಯಿ ವಾಸನೆಯ ಸಂಕೋಚವೂ ಕಡಿಮೆ. ಹೆಸರುಬೇಳೆ ಬೇಕೆಂದಾದರೆ ರಾತ್ರಿ ಫ್ರಿಜ್ಜಿನೊಳಗೇ ನೆನೆಹಾಕಿ, ಬೆಳಿಗ್ಗೆ ಬಸಿದು, ಬಟ್ಟೆಯಲ್ಲಿ ಒತ್ತಿ ಒರೆಸಿ ಸೇರಿಸಿ.

ಉಪ್ಪು ಮತ್ತು ನಿಂಬೆರಸ ಬೆರಳುದ್ದದ ಬೇರೆ ಡಬ್ಬಿಯಲ್ಲಿ ಹೋಗಲಿ. ಇನ್ನು ಬಿಸಿಲಿನ ಮಾತು. ತೇವವಿರುವ ಆಹಾರ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಇರುವಾಗ ಸೂಕ್ಷ್ಮಜೀವಿಗಳು ವೇಗವಾಗಿ ಹೆಚ್ಚುತ್ತವೆ, ಅನುಕೂಲ ಸಿಕ್ಕರೆ ಕೆಲವು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಇಂಥ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು, 32 ಡಿಗ್ರಿ ದಾಟಿದ ಸೆಕೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊರಗಿಡಬಾರದೆಂಬುದು ಆಹಾರ ಸುರಕ್ಷತೆಯ ಸಾಮಾನ್ಯ ನಿಯಮ. ನಿಮ್ಮ ಡಬ್ಬಿ ಐದೂವರೆ ಗಂಟೆ ಹೊರಗಿರುತ್ತದೆ. ಕಚೇರಿಯಲ್ಲಿ ಫ್ರಿಜ್ಜಿದ್ದರೆ ತಲುಪಿದ ಕೂಡಲೇ ಅದರಲ್ಲಿಡಿ. ಇಲ್ಲವಾದರೆ ಅರ್ಧ ಲೀಟರಿನ ನೀರಿನ ಬಾಟಲಿಯನ್ನು ಮುಕ್ಕಾಲು ತುಂಬಿಸಿ ರಾತ್ರಿ ಹೆಪ್ಪುಗಟ್ಟಿಸಿ, ಬೆಳಿಗ್ಗೆ ಡಬ್ಬಿಗೆ ತಾಗಿಸಿ ಎರಡನ್ನೂ ದಪ್ಪ ಟವೆಲಿನಲ್ಲಿ ಸುತ್ತಿ ಒಯ್ಯಿರಿ. ಮಧ್ಯಾಹ್ನ ಕುಡಿಯಲು ತಣ್ಣನೆಯ ನೀರೂ ಆಯಿತು.

ಪ್ರಶ್ನೆ: ಶಿರಸಿಯಲ್ಲಿ ಬ್ಯಾಂಕ್ ನೌಕರಿ, ಒಬ್ಬನೇ ಇದ್ದೇನೆ. ಊರಿನಿಂದ ಆಯಿ ಬಾಳೆದಿಂಡು ಕಳಿಸುತ್ತಾಳೆ. ಅದನ್ನು ರಾತ್ರಿಯೇ ಹೆಚ್ಚಿಟ್ಟರೆ ಕಪ್ಪಾಗುತ್ತದೆ. ಮೊಳಕೆ ಕಟ್ಟಿದ ಹೆಸರುಕಾಳು ಮಳೆಗಾಲದಲ್ಲಿ ಲೋಳೆಯಾಗುತ್ತದೆ, ತೊಳೆದು ತಿನ್ನಬಹುದೇ?
— ಓದುಗರು, ಶಿರಸಿ

ಉತ್ತರ: ಲೋಳೆಯಾದ ಮೊಳಕೆಯನ್ನು ತೊಳೆದು ತಿನ್ನಬೇಡಿ, ಎಸೆಯಿರಿ. ಕಾಳು ಮೊಳೆಯಲು ಬೇಕಾದ ತೇವ ಮತ್ತು ಬೆಚ್ಚನೆಯ ವಾತಾವರಣವೇ ರೋಗಾಣುಗಳಿಗೂ ಬೇಕು. ಕಾಳಿನ ಸಿಪ್ಪೆಯ ಬಿರುಕಿನಲ್ಲಿ ಮೊದಲೇ ಅಡಗಿದ್ದವು ಮೊಳಕೆಯ ಜೊತೆಜೊತೆಗೇ ಬೆಳೆಯುತ್ತವೆಯಾದ್ದರಿಂದ ತೊಳೆದರೆ ಹೋಗುವುದಿಲ್ಲ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಹಸಿ ಮೊಳಕೆಯಿಂದ ಹರಡಿದ ಇ. ಕೋಲೈ ಸೋಂಕಿಗೆ 50ಕ್ಕೂ ಹೆಚ್ಚು ಮಂದಿ ಬಲಿಯಾದರು. ಮೊಳಕೆಕಾಳು ಆರೋಗ್ಯಕ್ಕೆ ಒಳ್ಳೆಯದೆಂಬ ಮಾತು ಸುಳ್ಳಲ್ಲ, ಆದರೆ ಹಸಿಯಾಗಿಯೇ ತಿನ್ನಬೇಕೆಂಬ ಹಟ ಬೇಡ. ಗರ್ಭಿಣಿಯರು, ವಯಸ್ಸಾದವರು ಮತ್ತು ಚಿಕ್ಕ ಮಕ್ಕಳು ಹಸಿ ಮೊಳಕೆಯನ್ನು ಪೂರ್ತಿ ದೂರವಿಡುವುದೇ ಸರಿ.

ಮಳೆಗಾಲದಲ್ಲಿ ಕಾಳನ್ನು ಎಂಟು ಗಂಟೆ ನೆನೆಸಿ, ನೀರು ಸಂಪೂರ್ಣ ಬಸಿಯುವಂತೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ತೂಗುಹಾಕಿ. ಗಂಟು ಬಿಗಿಯಾದರೆ ನಡುವಿನ ಕಾಳಿಗೆ ಗಾಳಿಯಾಡದೆ ಲೋಳೆ ಅಲ್ಲಿಂದಲೇ ಶುರುವಾಗುತ್ತದೆ. ಬಿಳಿ ತುದಿ ಅಕ್ಕಿಕಾಳಿನಷ್ಟು ಹೊರಬಂದ ಕೂಡಲೇ ಸಾಕು, ಬಾಲ ಉದ್ದವಾಗುವುದನ್ನು ಕಾಯಬೇಡಿ. ಆಮೇಲೆ ಇಡ್ಲಿ ಪಾತ್ರೆಯಲ್ಲಿ ಐದಾರು ನಿಮಿಷ ಹಬೆಯಲ್ಲಿಟ್ಟು ಒಳಗಿನವರೆಗೂ ಬಿಸಿಯಾಗಿಸಿ. ಕಚ್ಚಿದರೆ ಇನ್ನೂ ಕಟಕ್ಕೆನ್ನುತ್ತದೆ, ಹಸಿ ವಾಸನೆ ಹೋಗಿರುತ್ತದೆ. ಆರಿಸಿ ಫ್ರಿಜ್ಜಿನಲ್ಲಿಟ್ಟರೆ ಎರಡು ದಿನ ಬಳಸಬಹುದು.

ಬಾಳೆದಿಂಡಿನ ಉಪಾಯವನ್ನು ನಿಮ್ಮ ಆಯಿಯನ್ನೇ ಕೇಳಿದ್ದರೆ ಇನ್ನೂ ಚೆನ್ನಾಗಿ ಹೇಳುತ್ತಿದ್ದರು. ಬಿಲ್ಲೆ ಹೆಚ್ಚುವಾಗ ಪ್ರತಿ ಬಿಲ್ಲೆಗೂ ಜೇಡನ ಬಲೆಯಂತೆ ಎಳೆ ಹಿಡಿದುಕೊಂಡು ಬರುತ್ತದಲ್ಲ, ಅದನ್ನು ತೋರುಬೆರಳಿಗೆ ಸುತ್ತಿ ಸುತ್ತಿ ತೆಗೆಯುತ್ತ ಹೋಗಿ. ಕೊನೆಗೆ ಬೆರಳಿನ ಮೇಲೆ ನೂಲಿನ ಉಂಗುರವೇ ಆಗಿರುತ್ತದೆ. ಸಣ್ಣಗೆ ಕೊಚ್ಚಿದ ಹೋಳುಗಳನ್ನು ಗಾಳಿ ತಾಗದಂತೆ ನೀರು ಬೆರೆಸಿದ ಮಜ್ಜಿಗೆಯಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಡಿ. ಕಪ್ಪಾಗುವುದು ಗಾಳಿಯಿಂದ, ಮಜ್ಜಿಗೆಯ ಹುಳಿ ಅದನ್ನು ತಡೆಯುತ್ತದೆ. ಬೆಳಿಗ್ಗೆ ಹಿಂಡಿ ತೆಗೆದು, ಹಬೆಯಾಡಿಸಿದ ಹೆಸರುಕಾಳಿನ ಜೊತೆ ಸೇರಿಸಿ, ಒಂದು ಸೂಜಿಮೆಣಸು ಜಜ್ಜಿ ಹಾಕಿದರೆ ಮಧ್ಯಾಹ್ನದವರೆಗೂ ಗರಿ ಬಿಡುವುದಿಲ್ಲ. ಪೇಟೆಯಲ್ಲಿ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಬರುವ ಲೆಟ್ಯೂಸ್ ಎಲೆಗಿಂತ ಬುತ್ತಿಗೆ ಇದೇ ಮೇಲೆಂದು ನಾನು ಎಣಿಸುತ್ತೇನೆ. ಲೆಟ್ಯೂಸ್ ನಮ್ಮ ಸೆಕೆಗೆ ಬೆಳಿಗ್ಗೆ ಹನ್ನೊಂದರೊಳಗೇ ಸೊರಗುತ್ತದೆ.

ಪ್ರಶ್ನೆ: ಶಾಲೆಯಲ್ಲಿ ಶಿಕ್ಷಕಿ. ಮಧ್ಯಾಹ್ನ ದೊಡ್ಡ ಡಬ್ಬಿಯ ತುಂಬ ಸೌತೆ, ಗಜ್ಜರಿ ತಿಂದರೂ ನಾಲ್ಕು ಗಂಟೆಗೆ ಹಸಿವಾಗಿ ಬಿಸ್ಕತ್ತು ತಿನ್ನುವಂತಾಗುತ್ತದೆ.
— ಓದುಗರು, ಹೊನ್ನಾವರ

ಉತ್ತರ: ಹಸಿವಾಗದಿದ್ದರೆ ಆಶ್ಚರ್ಯವಿತ್ತು. ಡಬ್ಬಿ ದೊಡ್ಡದಾದರೂ ಅದರಲ್ಲಿ ಇರುವುದು ನೀರು ಮತ್ತು ನಾರು. ದಿನಕ್ಕೆ ಕನಿಷ್ಠ 400 ಗ್ರಾಂ ತರಕಾರಿ ಮತ್ತು ಹಣ್ಣು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವುದು ನಿಜ, ಆದರೆ ಅದು ಊಟದ ಜೊತೆಗೆ, ಊಟದ ಬದಲಿಗಲ್ಲ. ತರಕಾರಿಯನ್ನು ಒಂದು ಬಟ್ಟಲಿಗೆ ಇಳಿಸಿ, ಅದಕ್ಕೆ 50 ಗ್ರಾಂ ಹೆಸರುಬೇಳೆ ನೆನೆಸಿ ಹಾಕಿದರೆ ಸುಮಾರು 12 ಗ್ರಾಂ ಪ್ರೋಟೀನು ಸೇರುತ್ತದೆ. ಒಂದು ಹಿಡಿ ಶೇಂಗಾ ಅಥವಾ, ತಿನ್ನುವವರಾದರೆ, ಒಂದು ಬೇಯಿಸಿದ ಮೊಟ್ಟೆಯಿಂದ ಇನ್ನೂ ಆರೇಳು ಗ್ರಾಂ. ಮೊಟ್ಟೆಯನ್ನು ಸಿಪ್ಪೆ ಸಮೇತ, ತಂಪಾಗಿ ಒಯ್ಯಿರಿ. ಜೊತೆಗೆ ಒಂದು ಸಣ್ಣ ಬಟ್ಟಲು ಕುಚ್ಚಲಕ್ಕಿ ಅನ್ನವೋ ಒಂದು ಚಪಾತಿಯೋ ಇರಲಿ. ಕಾಳಿನ ಮೇಲೆ ಹಿಂಡುವ ನಿಂಬೆಯಿಂದ ಇನ್ನೊಂದು ಲಾಭವಿದೆ: ಅದರ ಸಿ ಜೀವಸತ್ವವು ಕಾಳು, ಸೊಪ್ಪುಗಳಲ್ಲಿನ ಕಬ್ಬಿಣವು ದೇಹಕ್ಕೆ ಹತ್ತಲು ನೆರವಾಗುತ್ತದೆ. ಊಟವಾದೊಡನೆ ಕುಡಿಯುವ ಚಹಾ ಆ ಲಾಭವನ್ನು ಕಳೆಯುತ್ತದೆ, ಒಂದು ಗಂಟೆ ತಡೆದು ಕುಡಿಯಿರಿ. ರಾಜ್ಮಾ ಹಾಕುವ ಯೋಚನೆಯಿದ್ದರೆ ಅದನ್ನು ನೆನೆಸಿ, ಆ ನೀರು ಚೆಲ್ಲಿ, ಚೆನ್ನಾಗಿ ಕುದಿಸಿ ಬೇಯಿಸಲೇಬೇಕು. ಅರೆಬೆಂದ ರಾಜ್ಮಾದಿಂದ ವಾಂತಿ ಭೇದಿಯಾಗುತ್ತದೆ.

ಪ್ರಶ್ನೆ: ನಮ್ಮ ಯಜಮಾನರಿಗೆ ಮೀನಿಲ್ಲದ ಊಟ ಊಟವೇ ಅಲ್ಲ. ರಾತ್ರಿ ಉಳಿದ ಶೆಟ್ಲಿಯನ್ನು (ಸಿಗಡಿಯನ್ನು) ಮರುದಿನದ ಸಲಾಡಿಗೆ ಹಾಕಿ ಕಳಿಸಬಹುದೇ?
— ಓದುಗರು, ಕೋಡಿಬಾಗ, ಕಾರವಾರ

ಉತ್ತರ: ಬೇಯಿಸಿದ ತಾಜಾ ಶೆಟ್ಲಿಯನ್ನು ಮಂಜುಗಡ್ಡೆಯಿಲ್ಲದೆ ಅಷ್ಟು ಹೊತ್ತು ಹೊರಗಿಡುವ ಧೈರ್ಯ ಮಾಡಬೇಡಿ. ಆದರೆ ನಿಮ್ಮ ಪ್ರಶ್ನೆಗೆ ನಿಮ್ಮ ಊರಿನಲ್ಲೇ ಉತ್ತರವಿದೆ: ಒಣ ಶೆಟ್ಲಿಯ ಕಿಸ್ಮೂರು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆ ನಿಂತು ಹಸಿ ಮೀನು ಅಪರೂಪವಾದಾಗ ಊಟದ ಬಟ್ಟಲಿಗೆ ಬರುವ ಇದನ್ನು ಸಲಾಡ್ ಎಂದು ಯಾರೂ ಕರೆಯುವುದಿಲ್ಲ, ಆದರೆ ಇದು ಅದೇ. ಒಣ ಶೆಟ್ಲಿಯ ತಲೆ ಬಾಲ ಮುರಿದು, ಮರಳು ಹೋಗುವಂತೆ ಜಾಲಿಸಿ ಒಣಗಿಸಿ, ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆರಳಿನಿಂದ ಒತ್ತಿದರೆ ಪುಡಿಯಾಗುವವರೆಗೆ ಹುರಿಯಿರಿ. ತೇವವಿಲ್ಲದ ಡಬ್ಬಿಯಲ್ಲಿ ಅದು ವಾರಗಟ್ಟಲೆ ಇರುತ್ತದೆ. ಬುತ್ತಿಗೆ ಅದನ್ನು ಒಂದು ಪೊಟ್ಟಣದಲ್ಲಿ, ಹೆಚ್ಚಿದ ಈರುಳ್ಳಿ ಮತ್ತು ಹುರಿದ ಕೊಬ್ಬರಿಯನ್ನು ಇನ್ನೊಂದರಲ್ಲಿ, ಕೋಕಂ ಸಿಪ್ಪೆ ನೆನೆಸಿದ ಗಟ್ಟಿ ಹುಳಿಯನ್ನು ಚಿಕ್ಕ ಡಬ್ಬಿಯಲ್ಲಿ ಕಳಿಸಿ; ಕಲಸುವ ಕೆಲಸ ಅವರದು. ಒಣಮೀನಿನಲ್ಲಿ ಉಪ್ಪು ಮೊದಲೇ ಸಾಕಷ್ಟಿರುವುದರಿಂದ ಮೇಲಿನಿಂದ ಹಾಕುವುದು ಬೇಡ. ದಿನಕ್ಕೆ 5 ಗ್ರಾಂ ಉಪ್ಪಿನ ಮಿತಿಯನ್ನು ನೆನೆದರೆ ವಾರಕ್ಕೆ ಒಂದೆರಡು ಸಲ ಸಾಕು, ರಕ್ತದೊತ್ತಡ ಇರುವವರಿಗೆ ಅದಕ್ಕೂ ಕಡಿಮೆ. ಎ.ಸಿ. ಹಾಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಪೊಟ್ಟಣ ಬಿಚ್ಚುವ ಮುನ್ನ ಸಹೋದ್ಯೋಗಿಗಳ ಒಪ್ಪಿಗೆ ಕೇಳಲು ಮಾತ್ರ ಹೇಳಿಬಿಡಿ. ಮೀನು ತಿನ್ನದ ಮನೆಗಳಲ್ಲಿ ಹಾಗಲಕಾಯಿಯನ್ನು ಗರಿಗರಿಯಾಗಿ ಹುರಿದು ಇದೇ ಕ್ರಮದಲ್ಲಿ ಮಾಡುತ್ತಾರೆ. ಬುತ್ತಿಗೆ ಅದೂ ಅಷ್ಟೇ ಚೆನ್ನ.

ಪ್ರಶ್ನೆ: ಡಬ್ಬಿ ಸ್ಟೀಲಿನದೋ, ಗಾಜಿನದೋ, ಪ್ಲಾಸ್ಟಿಕ್ಕಿನದೋ? ಎಷ್ಟು ತೊಳೆದರೂ ನಮ್ಮ ಡಬ್ಬಿಯ ಈರುಳ್ಳಿ ವಾಸನೆ ಹೋಗುವುದಿಲ್ಲ.
— ಓದುಗರು, ಕುಮಟಾ

ಉತ್ತರ: ಬಸ್ಸಿನಲ್ಲಿ ಓಡಾಡುವವರಿಗೆ ಸ್ಟೀಲು, ಮೇಜಿನ ಕಪಾಟಿನಲ್ಲೇ ಇಟ್ಟುಕೊಳ್ಳುವವರಿಗೆ ಗಾಜು. ನಿಂಬೆ, ಕೋಕಂ ಹುಳಿಯನ್ನು ಅಲ್ಯೂಮಿನಿಯಂ ಡಬ್ಬಿಗೆ ಹಾಕಬೇಡಿ. ವಾಸನೆ ಇರುವುದು ಡಬ್ಬಿಯಲ್ಲಲ್ಲ, ಮುಚ್ಚಳದ ಒಳಗಿನ ರಬ್ಬರ್ ಬಳೆಯಲ್ಲಿ. ಅದನ್ನು ಚಮಚದ ಹಿಡಿಯಿಂದ ಎಬ್ಬಿಸಿ ತೆಗೆದು, ಆ ಕಾಲುವೆಯಲ್ಲಿ ಕೂತಿರುವ ಜಿಡ್ಡನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಬಳೆಯನ್ನು ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ಬಿಸಿಲಿಗೆ ಒಣಗಿಸಿ. ಮಳೆಗಾಲದಲ್ಲಿ ಬಿಸಿಲಿಲ್ಲದಿದ್ದರೆ ಒಲೆಯ ಹತ್ತಿರದ ಗೋಡೆಗೆ ಒಂದು ಮೊಳೆ ಹೊಡೆದು, ರಾತ್ರಿ ಬಳೆಯನ್ನು ಅದಕ್ಕೆ ನೇತುಹಾಕಿ, ಬೆಳಿಗ್ಗೆ ಮತ್ತೆ ಕೂರಿಸಿಕೊಳ್ಳಿ.