ಲಿನ್ ಝೆಶು ಬರೀ ಅಫೀಮಿನ ಕತೆಯಲ್ಲ

ಪ್ರಿಯ ಬರಹಗಾರರೇ,

ಬ್ರಿಟಿಷ್ ವ್ಯಾಪಾರಿಗಳ ಅಫೀಮನ್ನು 1839ರಲ್ಲಿ ನಾಶಪಡಿಸಿದ ಚೀನೀ ಅಧಿಕಾರಿ ಲಿನ್ ಝೆಶು ಕುರಿತ ನಿಮ್ಮ ಲೇಖನ ಓದಿದೆವು. ಈಗಿನ ರೂಪದಲ್ಲಿ ಪ್ರಕಟಿಸಲಾರೆವು. ತಲೆಬರಹ ‘ಚೀನೀ ಅಧಿಕಾರಿಯೊಬ್ಬನ ವೃತ್ತಿಜೀವನ’. ಒಳಗಿರುವುದು ಬಹುಪಾಲು ಆ ಅಫೀಮು ನಾಶವಾದ 1839ರ ಜೂನ್ ತಿಂಗಳೇ. ಆತ 1811ರಲ್ಲಿ ಸರ್ಕಾರಿ ಹುದ್ದೆಗಳ ಕೊನೆಯ ಹಂತವಾದ ಅರಮನೆ ಪರೀಕ್ಷೆ ಗೆದ್ದು, 1850ರಲ್ಲಿ ತೀರಿಕೊಂಡವನು. ಉಳಿದ ವರ್ಷಗಳೆಲ್ಲಿ?

ಮೊದಲು ತಪ್ಪುಗಳನ್ನು ತಿದ್ದಿ. ಆತ ಹುಟ್ಟೂರು ಫುಝೌನಲ್ಲೇ ನ್ಯಾಯಾಧಿಕಾರಿಯಾಗಿದ್ದ ಎಂದಿದ್ದೀರಿ. ಸಾಧ್ಯವೇ ಇಲ್ಲ. ನೆಂಟರಿಷ್ಟರ ಒತ್ತಡಕ್ಕೆ ಹೆದರಿ ಆಗ ಚೀನಾ ಆಳುತ್ತಿದ್ದ ಚಿಂಗ್ ರಾಜವಂಶದ ಆಡಳಿತ ಇಂಥ ಅಧಿಕಾರಿಗಳನ್ನು ಸ್ವಂತ ಪ್ರಾಂತಕ್ಕೆ ನೇಮಿಸುತ್ತಿರಲಿಲ್ಲ. ಫುಝೌ ಇರುವ ಫುಜಿಯಾನ್ ಪ್ರಾಂತದವನಾದ ಲಿನ್ ದುಡಿದದ್ದು ಝೆಜಿಯಾಂಗ್, ಜಿಯಾಂಗ್ಸು, ಹುಬೇ ಕಡೆ. ಅಫೀಮು ತಡೆಯಲು ದಕ್ಷಿಣದ ಬಂದರು ಗುವಾಂಗ್‌ಝೌಗೆ ಬಂದದ್ದೂ ಪ್ರಾಂತಪಾಲನಾಗಿ ಅಲ್ಲ, ಚಕ್ರವರ್ತಿಯ ವಿಶೇಷ ಆಯುಕ್ತನಾಗಿ. ಅಲ್ಲಿನ ಮಹಾಪ್ರಾಂತಪಾಲ, ಅಂದರೆ ಪ್ರಾಂತಪಾಲರಿಗೂ ಮೇಲಿನ ಅಧಿಕಾರಿ, ಆಗ ದೆಂಗ್ ಟಿಂಗ್‌ಝೆನ್. ಆ ಹುದ್ದೆ ಲಿನ್‌ಗೆ ಸಿಕ್ಕಿದ್ದು 1840ರಲ್ಲಿ.

ಅಫೀಮನ್ನು ‘ಸುಟ್ಟ’ ಎಂಬುದಂತೂ ಲೇಖನದ ಜೀವವನ್ನೇ ತೆಗೆದಿದೆ. ಸುಟ್ಟರೆ ಕರಗಿದ ಅಂಶ ಮಣ್ಣಿಗಿಳಿಯುತ್ತದೆ, ಜನ ಅಗೆದು ಮತ್ತೆ ತೆಗೆಯುತ್ತಾರೆ. ಅದಕ್ಕೇ ಗುವಾಂಗ್‌ಝೌ ಬಳಿಯ ಕಡಲತಡಿ ಹೂಮೆನ್‌ನಲ್ಲಿ ಹೊಂಡ ತೋಡಿಸಿ ಉಪ್ಪುನೀರು ತುಂಬಿಸಿದ. ಅಫೀಮಿನ ಉಂಡೆಗಳನ್ನು ಒಡೆದು ಅದರಲ್ಲಿ ನೆನೆಹಾಕಿ, ಮೇಲೆ ಸುಡುಸುಣ್ಣ ಸುರಿದು ಕಲಕಿದರು. ಬೆಂಕಿಯಿಲ್ಲದೆ ಕುದಿದು ಕರಗಿದ್ದನ್ನು ಇಳಿತದ ಹೊತ್ತಿಗೆ ತೂಬು ತೆಗೆದು ಸಮುದ್ರಕ್ಕೆ ಬಿಟ್ಟರು. ಬ್ರಿಟಿಷ್ ವ್ಯಾಪಾರಿಗಳಿಂದ ವಶಪಡಿಸಿಕೊಂಡ 20 ಸಾವಿರಕ್ಕೂ ಹೆಚ್ಚು ಪೆಟ್ಟಿಗೆಗಳು ಮುಗಿಯಲು ಜೂನ್ 3ರಿಂದ 25ರವರೆಗೆ ಬೇಕಾಯಿತು. ಸರಕಿನ ಬಹುಪಾಲು ನಮ್ಮ ಬಂಗಾಳ, ಮಾಳವಗಳದ್ದು. ಈ ಮಾತು ಕನ್ನಡ ಓದುಗರಿಗೆ ಬೇಕೇ ಬೇಕು.

ಇಷ್ಟಕ್ಕೆ ಲೇಖನದ ಮೂರನೇ ಒಂದು ಪಾಲು ಸಾಕು. ನಿಜವಾದ ವಸ್ತು ಇರುವುದು ವರ್ಗಾವಣೆಗಳಲ್ಲಿ, ತೆರವುಗಳಲ್ಲಿ. 1827ರಲ್ಲಿ ತಂದೆ ಸತ್ತಾಗ ಲಿನ್ ಹುದ್ದೆ ಬಿಟ್ಟು ಊರಿಗೆ ಹೋದ. ಹೆತ್ತವರು ಸತ್ತರೆ 27 ತಿಂಗಳ ಸೂತಕ. ಎಂಥ ದೊಡ್ಡ ಅಧಿಕಾರಿಗೂ ಇದು ಕಟ್ಟಳೆ. ಇದನ್ನು ಹೇಳದಿದ್ದರೆ ಏರುತ್ತಿದ್ದವನು ಇದ್ದಕ್ಕಿದ್ದಂತೆ ಕಾಣೆಯಾದದ್ದೇಕೆಂದು ಓದುಗನಿಗೆ ತಿಳಿಯದು. 1832ರಲ್ಲಿ ಜಿಯಾಂಗ್ಸು ಪ್ರಾಂತಪಾಲ, 1837ರಲ್ಲಿ ಹುನಾನ್, ಹುಬೇ ಎರಡರ ಮಹಾಪ್ರಾಂತಪಾಲ: ಈ ಮೆಟ್ಟಿಲುಗಳನ್ನು ಬೇಗ ದಾಟಿಸಿ, ಪತನದ ಬಳಿ ನಿಲ್ಲಿ. 1840ರಲ್ಲಿ ವಜಾ, ಆಮೇಲೆ ದೂರದ ವಾಯವ್ಯ ಗಡಿಯ ‘ಇಲಿ’ ಎಂಬ ಪ್ರದೇಶಕ್ಕೆ ಗಡಿಪಾರು. ಹೋಗುತ್ತಿದ್ದವನನ್ನು 1841ರಲ್ಲಿ ಕೈಫೆಂಗ್ ಬಳಿ ಒಡೆದ ಹಳದಿ ನದಿಯ ಒಡ್ಡು ಕಟ್ಟಿಸಲು ತಡೆದರು. ಒಡ್ಡು ಮುಚ್ಚಿತು, ಶಿಕ್ಷೆ ಮಾತ್ರ ರದ್ದಾಗಲಿಲ್ಲ! ನೀವು ಒಂದು ಸಾಲೂ ಕೊಡದ ಈ ಪ್ರಸಂಗದಲ್ಲೇ ಆ ವ್ಯವಸ್ಥೆ ನೆಟ್ಟಗೆ ಕಾಣುತ್ತದೆ: ಕೆಲಸಕ್ಕೆ ಆತ ಬೇಕು, ಕ್ಷಮೆ ಇಲ್ಲ.

‘ಧೀರ’, ‘ಮಹಾನ್’ ಎಂಬ ವಿಶೇಷಣಗಳನ್ನೆಲ್ಲ ತೆಗೆದು, ಪ್ರತಿ ಹುದ್ದೆಗೂ ಇಸವಿ ಹಾಕಿ. 1845ರಲ್ಲಿ ಮರಳಿ ಕರೆಸಿ, ಎರಡೇ ವರ್ಷಕ್ಕೆ ಯುನ್ನಾನ್-ಗುಯಿಝೌ ಪ್ರಾಂತಗಳ ಮಹಾಪ್ರಾಂತಪಾಲ ಹುದ್ದೆ ಒಪ್ಪಿಸಿದ್ದನ್ನೂ ಸೇರಿಸಿ ಕಳಿಸಿ. ಖಂಡಿತ ಮತ್ತೆ ಓದುತ್ತೇವೆ.

ಸಂಪಾದಕರು