ಗಾಂಜಾ ಗಿಡದ ಇತಿಹಾಸದಲ್ಲಿ ಅಚ್ಚರಿ ಮೂಡಿಸುವ ಸಂಗತಿ ಯಾವುದು?

ನನಗೆ ಇಂದಿಗೂ ಬೆರಗು ತರುವುದು 1893ರ ಕಥೆ. ಗಾಂಜಾದಿಂದ ಭಾರತದಲ್ಲಿ ಜನ ಹುಚ್ಚರಾಗುತ್ತಿದ್ದಾರೆ ಎಂಬ ಕೂಗು ಬ್ರಿಟಿಷ್ ಸಂಸತ್ತಿನವರೆಗೂ ಹೋಗಿ, ಸರ್ಕಾರ ಒಂದು ಆಯೋಗ ನೇಮಿಸಿತು. ಅದು ಪ್ರಾಂತ್ಯಗಳನ್ನು ಸುತ್ತಿ 1,193 ಸಾಕ್ಷಿಗಳ ಹೇಳಿಕೆ ಪಡೆಯಿತು. ಹುಚ್ಚಾಸ್ಪತ್ರೆಗಳ ದಾಖಲೆ ತೆರೆದು ನೋಡಿದರೆ, ಸರಿಯಾದ ವಿಚಾರಣೆಯೇ ಇಲ್ಲದೆ ಎಷ್ಟೋ ರೋಗಿಗಳ ಕಾಯಿಲೆಗೆ ‘ಗಾಂಜಾ’ ಕಾರಣ ಎಂದು ಬರೆದುಬಿಟ್ಟಿದ್ದರು! ಅತಿಯಾದರೆ ಕೆಡುಕು ನಿಜ, ಆದರೆ ಪೂರ್ತಿ ನಿಷೇಧ ಬೇಡ, ತೆರಿಗೆ, ಪರವಾನಗಿಯ ಹಿಡಿತ ಸಾಕು ಎಂದಿತು 1894ರ ವರದಿ.

ಭಾರತದ 1985ರ ಮಾದಕವಸ್ತು ಕಾನೂನು ಗಾಂಜಾವನ್ನು ನಿಷೇಧಿಸಿದರೂ, ಹೂವಿನ ತುದಿಯಿಲ್ಲದ ಬರೀ ಎಲೆ, ಬೀಜಗಳನ್ನು ಆ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಉತ್ತರದ ಕೆಲವು ರಾಜ್ಯಗಳಲ್ಲಿ, ಈ ಎಲೆಯಿಂದಲೇ ಮಾಡುವ ಭಂಗಿಯ ಅಂಗಡಿಗಳು ಉಳಿದದ್ದು ಹಾಗೆ.

ಅಂದಹಾಗೆ, ‘ಕ್ಯಾನ್ವಾಸ್’ ಪದದ ಬೇರೂ ಈ ಗಿಡದ ಲ್ಯಾಟಿನ್ ಹೆಸರಾದ ‘ಕ್ಯಾನಬಿಸ್’. ಹಿಂದೆ ಹಾಯಿಹಡಗಿನ ಪಟ, ಹಗ್ಗಗಳಿಗೆ ಇದರದೇ ನಾರು.